ಎರಡನೇ ವಿಮಾನಕ್ಕೆ ಬುತ್ತಿ ಬೇರೆ ಕಟ್ಟಿಕೊಳ್ಳಿ!

ಮಗಳ ಬಾಣಂತನಕ್ಕೆಂದು ವಿದೇಶಕ್ಕೆ ಹೊರಡುವ ಅಮ್ಮಂದಿರು ದೊಡ್ಡ ವಿಮಾನದ ಬಗ್ಗೆ ಎಲ್ಲರನ್ನೂ ಕೇಳಿ ತಿಳಿದುಕೊಳ್ಳುತ್ತಾರೆ. ಆದರೆ ಪರದಾಡುವುದು ಮಾತ್ರ ಆಮೇಲೆ ಹತ್ತುವ ಒಂದೂವರೆ ತಾಸಿನ ಸಣ್ಣ ವಿಮಾನದಲ್ಲಿ. ಅನುಭವದಿಂದ ಕಲಿತ ನಾಲ್ಕು ಮಾತು ಇಲ್ಲಿವೆ.

ನಮ್ಮದು ಕಲಬುರಗಿಗೆ ಅಂಟಿಕೊಂಡ ತಾಜಸುಲ್ತಾನಪುರ. ಊರ ಹೆಸರು ಹೇಳಿದರೆ 'ಕೆಎಸ್‌ಆರ್‌ಪಿ ಪೊಲೀಸರು ಇರ್ತಾರಲ್ಲ, ಅದೇನ್ರಿ?' ಅಂತ ಕೇಳುತ್ತಾರೆ. ಹೌದು, ಅದೇ. ಮಗಳು ಮದುವೆಯಾಗಿ ಆಸ್ಟ್ರಿಯಾದ ವಿಯೆನ್ನಾ ಸೇರಿದ್ದಳು. ಚೊಚ್ಚಲ ಹೆರಿಗೆ. 'ಯವ್ವಾ, ನೀ ಬಂದ್ರನ ನನಗ ಧೈರ್ಯ' ಎಂದಳು. ಮನೆಯವರಿಗೆ ರಜೆ ಇಲ್ಲ. ಅಂತೂ ನಾನೊಬ್ಬಳೇ ಹೊರಡುವುದೆಂದು ತೀರ್ಮಾನವಾಯಿತು.

ವಿಮಾನ ನನಗೆ ಪೂರ್ತಿ ಹೊಸದೇನಲ್ಲ. ನಮ್ಮ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾದ ಮೇಲೆ ಒಮ್ಮೆ ಬೆಂಗಳೂರಿಗೆ ಹಾರಿದ್ದೆ. ಕುಳಿತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತು ಬಂದಿತ್ತು. ಯುರೋಪಿನ ಸಣ್ಣ ವಿಮಾನವೂ ಹಾಗೇ ಇರುತ್ತದೆಂದುಕೊಂಡೆ. ಅಲ್ಲೇ ನಾನು ತಪ್ಪಿದ್ದು.

ಟಿಕೆಟ್ ಒಂದೋ, ಎರಡೋ?

ನಮ್ಮ ಕಡೆಯವರಿಗೆ ವಿದೇಶಕ್ಕೆ ಹೋಗಲು ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿಂದ ಜರ್ಮನಿಯ ಫ್ರಾಂಕ್‌ಫರ್ಟ್, ಫ್ರಾಂಕ್‌ಫರ್ಟ್‌ನಿಂದ ವಿಯೆನ್ನಾ. ಅಳಿಯ ಎರಡನ್ನೂ ಬೇರೆ ಬೇರೆ ಕಂಪನಿಯಲ್ಲಿ ಬೇರೆ ಬೇರೆ ಟಿಕೆಟ್ ಮಾಡಿಸಿದ್ದ. ಸ್ವಲ್ಪ ದುಡ್ಡು ಉಳಿಯುತ್ತದಲ್ಲ ಎಂಬ ಲೆಕ್ಕ.

ಒಂದೇ ಟಿಕೆಟ್ ಆಗಿದ್ದರೆ ಹೈದರಾಬಾದಿನಲ್ಲಿ ಕೊಟ್ಟ ಪೆಟ್ಟಿಗೆಯನ್ನು ಸಾಮಾನ್ಯವಾಗಿ ವಿಯೆನ್ನಾದಲ್ಲೇ ತೆಗೆದುಕೊಳ್ಳಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಮುಂದಿನದಕ್ಕೆ ಹತ್ತಿಸುವ ಜವಾಬ್ದಾರಿ ಕಂಪನಿಯದು. ಎರಡು ಟಿಕೆಟ್ ಆದರೆ ಎಲ್ಲವೂ ನಿಮ್ಮ ತಲೆಯ ಮೇಲೆ. ಮಧ್ಯದಲ್ಲಿ ಇಳಿದು, ಪೆಟ್ಟಿಗೆ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೊಂದು ಕೌಂಟರ್ ಹುಡುಕಿ, ಮತ್ತೆ ಸೆಕ್ಯುರಿಟಿ ಸಾಲಿನಲ್ಲಿ ನಿಲ್ಲಬೇಕು. ವಿಮಾನ ತಪ್ಪಿದರೆ ಹೊಸ ಟಿಕೆಟಿಗೆ ಹಣ ನೀವೇ ಕಟ್ಟಬೇಕು.

ನನಗೆ ಆದದ್ದೂ ಇದೇ. ದೊಡ್ಡ ವಿಮಾನದವರು ಎರಡು ಪೆಟ್ಟಿಗೆಗೆ ಒಪ್ಪಿದ್ದರು. ಸಣ್ಣ ವಿಮಾನದ ಟಿಕೆಟಿನಲ್ಲಿ ಕೈಚೀಲ ಬಿಟ್ಟರೆ ಇನ್ನೇನೂ ಇರಲಿಲ್ಲ! ಕೌಂಟರಿನಲ್ಲಿ ಪೆಟ್ಟಿಗೆಗಳಿಗೆ ಕೇಳಿದ ಹಣ ಟಿಕೆಟಿನ ಹಣಕ್ಕಿಂತ ಹೆಚ್ಚಿತ್ತು. ಉಳಿಸಿದ್ದೆಲ್ಲ ಅಲ್ಲೇ ಹೋಯಿತು. ಪೆಟ್ಟಿಗೆಯ ಹಣವನ್ನು ಟಿಕೆಟ್ ಮಾಡಿಸುವಾಗಲೇ ಕಟ್ಟಿದರೆ ಬಹಳ ಕಡಿಮೆ ಎಂದು ಆಮೇಲೆ ಗೊತ್ತಾಯಿತು.

ತುಪ್ಪದ ಡಬ್ಬಿಯ ಕತೆ

ಬಾಣಂತಿಗೆ ತುಪ್ಪ ಬೇಡವೇ? ಮನೆಯಲ್ಲಿ ಕಾಸಿದ ಎಮ್ಮೆ ತುಪ್ಪ ಎರಡು ಕಿಲೋ, ಸೋರದಂತೆ ಪ್ಲಾಸ್ಟಿಕ್ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಫ್ರಾಂಕ್‌ಫರ್ಟ್‌ನಲ್ಲಿ ಪೆಟ್ಟಿಗೆ ಎತ್ತಿಕೊಂಡು ಬರುವಾಗ ಗೋಡೆಯ ಮೇಲೊಂದು ಚಿತ್ರ ಕಂಡಿತು. ಹಾಲು, ಮಾಂಸದ ಮೇಲೆ ಅಡ್ಡಗೆರೆ. ಎದೆ ಧಸಕ್ಕೆಂದಿತು. ಭಾರತದಂಥ ಹೊರಗಿನ ದೇಶದಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥಗಳನ್ನು ಸ್ವಂತಕ್ಕೆಂದೂ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ದನಕರುಗಳ ರೋಗ ಒಳಗೆ ಬಂದೀತೆಂಬ ಕಾರಣಕ್ಕೆ ಈ ನಿಯಮ.

ಸುಮ್ಮನೆ ದಾಟಿಬಿಡಲೇ ಎಂದು ಒಂದು ಗಳಿಗೆ ಅನಿಸಿತು, ಸುಳ್ಳೇಕೆ ಹೇಳಲಿ? ಆದರೆ ಸಿಕ್ಕಿಬಿದ್ದರೆ ಒಬ್ಬಳೇ ಏನು ಮಾಡಲಿ ಎಂದು ಅಂಜಿ, ನಾನೇ ಹೋಗಿ ಡಬ್ಬಿ ತೋರಿಸಿದೆ. ತೆಗೆದಿಟ್ಟುಕೊಂಡರು, ದಂಡ ಹಾಕಲಿಲ್ಲ. ಆ ಡಬ್ಬಿ ಮೇಜಿನ ಆಚೆ ಹೋಗುವಾಗ ಕಣ್ಣಲ್ಲಿ ನೀರು ಬಂದದ್ದು ಮಾತ್ರ ನಿಜ.

ಹಾಗಾದರೆ ಏನು ಒಯ್ಯಬಹುದು? ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮಸಾಲೆ ಪುಡಿಗಳಿಗೆ ನನಗೆ ಯಾರೂ ಅಡ್ಡಿ ಮಾಡಲಿಲ್ಲ. ತೆಂಗಿನಕಾಯಿ, ಖರ್ಜೂರಕ್ಕೆ ಸರ್ಟಿಫಿಕೇಟ್ ಬೇಡ. ಬೇರೆ ಹಸಿ ಹಣ್ಣು, ತರಕಾರಿ, ಕರಿಬೇವು ಬೇಡವೇ ಬೇಡ. ಖೋವಾ, ಪೇಡೆ, ತುಪ್ಪ ಮನೆಯಲ್ಲೇ ಇರಲಿ. ಉಪ್ಪಿನಕಾಯಿ ಪೆಟ್ಟಿಗೆಗೆ ಹಾಕಿ. ಕೈಚೀಲದಲ್ಲಿದ್ದರೆ ಅದೂ ದ್ರವದ ಲೆಕ್ಕಕ್ಕೇ ಸೇರುತ್ತದೆ. ಬಹಳಷ್ಟು ಕಡೆ 100 ಮಿಲಿ ಮಿತಿ ಈಗಲೂ ಇದೆ.

ಸೀಟು ನಮ್ಮ ಬಸ್ಸಿನಷ್ಟೇ!

ಈ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ನಡುವೆ ದಾರಿ, ಆಚೆ ಮೂರು, ಈಚೆ ಮೂರು ಸೀಟು. ಮುಂದಿನ ಸೀಟಿಗೂ ನಿಮ್ಮ ಸೀಟಿಗೂ ಇರುವ ಅಂತರ ಸುಮಾರು 28ರಿಂದ 31 ಅಂಗುಲ. ಕೆಲವದರಲ್ಲಿ ಸೀಟು ಹಿಂದಕ್ಕೆ ಬಾಗುವುದೇ ಇಲ್ಲ. ಮುಂದೆ ಪರದೆ ಹಾಕಿದ ಬಿಜಿನೆಸ್ ಕ್ಲಾಸ್ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. ಬಹುತೇಕ ಕಂಪನಿಗಳಲ್ಲಿ ಅವರದೂ ಅದೇ ಸೀಟು, ನಡುವಿನದೊಂದನ್ನು ಖಾಲಿ ಬಿಟ್ಟಿರುತ್ತಾರೆ ಅಷ್ಟೇ. ಊಟ ಕೊಡುತ್ತಾರೆ, ನಿಜ. ಆದರೆ ಒಂದೂವರೆ ತಾಸಿಗೆ ಅಷ್ಟು ದುಡ್ಡು ಯಾಕೆ ಹೇಳಿ?

ಸೀಟು ಬೇಕಾದ ಕಡೆ ಬೇಕೆಂದರೂ ಎಷ್ಟೋ ಕಂಪನಿಗಳಲ್ಲಿ ಹಣ ಕೊಡಬೇಕು. ಆಗಾಗ ಎದ್ದು ಹೋಗಬೇಕಾದವರು ದಾರಿ ಪಕ್ಕದ ಸೀಟಿಗೆ ಕೊಟ್ಟರೆ ನಷ್ಟವಿಲ್ಲ. ಕೆಲವೊಮ್ಮೆ ನಿಲ್ದಾಣದಿಂದ ಬಸ್ಸಿನಲ್ಲಿ ಒಯ್ದು ಮೆಟ್ಟಿಲು ಹತ್ತಿಸುತ್ತಾರೆ. ಚಳಿಗಾಳಿಯಲ್ಲಿ ಸೆರಗು ಹಿಡಿದು, ಚೀಲ ಹಿಡಿದು ಹತ್ತುವುದು ಕಷ್ಟ. ಸಲ್ವಾರ್, ಸ್ವೆಟರ್, ಕಾಲುಚೀಲ, ಬೂಟು ಲೇಸು.

ಮಂಡಿನೋವು ಇದ್ದವರು ಗಾಲಿಕುರ್ಚಿ ಕೇಳಲು ಸಂಕೋಚಪಡಬೇಡಿ. ಯುರೋಪಿನ 2006ರ ನಿಯಮದ ಪ್ರಕಾರ ಆ ಸಹಾಯ ಪೂರ್ತಿ ಉಚಿತ. 48 ತಾಸು ಮೊದಲೇ ಕಂಪನಿಗೆ ತಿಳಿಸಿರಬೇಕು, ಅಷ್ಟೇ.

ಹಸಿವು, ರೊಟ್ಟಿ ಮತ್ತು ಶೇಂಗಾ

ಹೈದರಾಬಾದಿನಿಂದ ಬರುವಾಗ ಎರಡು ಸಲ ಊಟ ಕೊಟ್ಟಿದ್ದರು. ಇಲ್ಲೂ ಕೊಡುತ್ತಾರೆಂದು ಕಾದು ಕುಳಿತೆ. ಗಾಡಿ ತಳ್ಳಿಕೊಂಡು ಬಂದರು. ನೀರಿಗೂ ದುಡ್ಡು! ಕೊಡೋಣವೆಂದು 50 ಯೂರೋ ನೋಟು ತೆಗೆದರೆ ಕಾರ್ಡ್ ಮಾತ್ರ ಎಂದರು. ನನ್ನ ಬಳಿ ಕಾರ್ಡೆಲ್ಲಿ?

ಕೈಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಬಿಚ್ಚಬೇಕು ಅನ್ನುವಷ್ಟರಲ್ಲಿ ಮೈಕಿನಲ್ಲಿ ಏನೋ ಹೇಳಿದರು. ಪಕ್ಕದಲ್ಲಿದ್ದ ಹುಡುಗಿ ನಿಧಾನ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ವಿಮಾನದಲ್ಲಿ ಒಂದು ಮಗುವಿಗೆ ಶೇಂಗಾ ಅಲರ್ಜಿ, ಯಾರೂ ಶೇಂಗಾ ತಿನ್ನಬೇಡಿರಿ ಅಂತ. ನಮಗೆ ಶೇಂಗಾ ಇಲ್ಲದೆ ತುತ್ತು ಇಳಿಯುವುದಿಲ್ಲ, ಅದರಿಂದ ಕೆಲವು ಮಕ್ಕಳ ಜೀವಕ್ಕೇ ಅಪಾಯ ಎಂಬುದು ನನಗೆ ಹೊಳೆದೇ ಇರಲಿಲ್ಲ. ಹಿಂಡಿ ಕಟ್ಟಿಟ್ಟು ಬರೀ ರೊಟ್ಟಿ ಮುರಿದು ತಿಂದೆ. ಆ ಹುಡುಗಿಗೂ ಒಂದು ಚೂರು ಕೊಟ್ಟೆ. ಕಟಕಟ ಕಡಿದು ನಕ್ಕಳು, ತನ್ನ ನೀರಿನ ಬಾಟಲಿ ನನ್ನ ಕಡೆ ಸರಿಸಿದಳು.

ತಡವಾದರೆ ಸುಮ್ಮನಿರಬೇಡಿ

ಯುರೋಪಿನಿಂದ ಹೊರಡುವ ವಿಮಾನಗಳಿಗೆ 2004ರ ಒಂದು ನಿಯಮವಿದೆ. 1,500 ಕಿಲೋಮೀಟರ್ ಒಳಗಿನ ಪ್ರಯಾಣದಲ್ಲಿ ವಿಮಾನ ಎರಡು ತಾಸಿಗೂ ಹೆಚ್ಚು ತಡವಾದರೆ ತಿಂಡಿ, ನೀರಿನ ವ್ಯವಸ್ಥೆ ಕಂಪನಿಯೇ ಮಾಡಬೇಕು. ಮೂರು ತಾಸಿಗಿಂತ ತಡವಾಗಿ ತಲುಪಿದರೆ 250 ಯೂರೋ ಪರಿಹಾರ ಕೇಳಬಹುದು. ಬಿರುಗಾಳಿಯಂಥ ಕಾರಣವಿದ್ದರೆ ಪರಿಹಾರ ಇಲ್ಲ, ತಿಂಡಿ ಮಾತ್ರ ಕೊಡಲೇಬೇಕು. ಈ ನಿಯಮ ಬದಲಿಸುವ ಮಾತುಗಳೂ ನಡೆದಿವೆ, ಹೊರಡುವ ಮುನ್ನ ಮಕ್ಕಳಿಂದ ವಿಚಾರಿಸಿಕೊಳ್ಳಿ. ಬೋರ್ಡಿಂಗ್ ಪಾಸ್ ಮಾತ್ರ ಅಳಿಸಬೇಡಿ, ಹರಿಯಬೇಡಿ.

ಇವು ನೆನಪಿರಲಿ

* ಸಾಧ್ಯವಾದರೆ ಒಂದೇ ಟಿಕೆಟ್. ಎರಡಾದರೆ ನಡುವೆ ಕನಿಷ್ಠ ನಾಲ್ಕೈದು ತಾಸು ಬಿಡುವಿರಲಿ.
* ಷೆಂಗೆನ್ ದೇಶಗಳ ಪೈಕಿ ಮೊದಲು ಇಳಿಯುವಲ್ಲೇ ಪಾಸ್‌ಪೋರ್ಟ್ ತಪಾಸಣೆ. 2025ರ ಅಕ್ಟೋಬರ್‌ನಿಂದ ಹಂತಹಂತವಾಗಿ ಬೆರಳಚ್ಚು, ಫೋಟೊ ಕೂಡ ತೆಗೆಯುತ್ತಿದ್ದಾರೆ. ಸಾಲು ಉದ್ದವಿರಬಹುದು.
* ಆನ್‌ಲೈನ್ ಚೆಕ್‌ಇನ್ ಮನೆಯಲ್ಲೇ ಮಾಡಿಸಿ. ಕೆಲವು ಕಂಪನಿಗಳು ನಿಲ್ದಾಣದಲ್ಲಿ ಮಾಡಿಸಿದರೆ ಹಣ ಕೇಳುತ್ತವೆ.
* ಕೈಚೀಲದ ಅಳತೆಯನ್ನು ಟೇಪ್ ಹಿಡಿದು ನೋಡಿ. ಗಾಲಿ, ಹಿಡಿಕೆಯೂ ಲೆಕ್ಕಕ್ಕೆ ಬರುತ್ತದೆ.
* ಬಿಪಿ, ಶುಗರ್ ಮಾತ್ರೆ, ವೈದ್ಯರ ಚೀಟಿ, ಕನ್ನಡಕ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ.
* ವಿದೇಶದಲ್ಲಿ ನಡೆಯುವ ಕಾರ್ಡ್ ಒಂದಿರಲಿ. ಖಾಲಿ ಬಾಟಲಿ ಒಯ್ದು ಸೆಕ್ಯುರಿಟಿ ದಾಟಿದ ಮೇಲೆ ನೀರು ತುಂಬಿಸಿಕೊಳ್ಳಿ.
* ಇಳಿಯುವಾಗ ಕಿವಿ ಕಟ್ಟಿದರೆ ಪೆಪ್ಪರ್‌ಮಿಂಟ್ ಚೀಪಿ, ಉಗುಳು ನುಂಗಿ.
* ಮಗಳ ವಿಳಾಸ, ಫೋನ್ ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮೊಬೈಲ್ ಚಾರ್ಜ್ ಯಾವಾಗ ಕೈಕೊಡುತ್ತದೋ ಹೇಳಲಾಗದು.

ವಿಯೆನ್ನಾದಲ್ಲಿ ಹೊರಬಂದಾಗ ಮಗಳು ತುಂಬಿದ ಹೊಟ್ಟೆ ಹಿಡಿದುಕೊಂಡು ಎದುರಿಗೇ ನಿಂತಿದ್ದಳು. ನಾನು ಮೊದಲು ಹೇಳಿದ್ದೇ 'ತುಪ್ಪ ಹೋತವ್ವಾ' ಅಂತ. ಅವಳು ನಕ್ಕು, 'ಇಲ್ಲಿ ಬೆಣ್ಣಿ ಛಲೋ ಸಿಗತದ, ನೀನೇ ಕಾಸಿ ಕೊಡು' ಎಂದಳು. ಮರುದಿನವೇ ಕಾಸಿದೆ. ಮನೆ ತುಂಬ ಅದೇ ಘಮ!

ಕೈಯಲ್ಲಿ ಒಯ್ಯಲಾಗದ್ದನ್ನು ಅಲ್ಲಿಯೇ ಮಾಡಿಕೊಡುವ ಕೈ ನಮಗಿದೆಯಲ್ಲ. ಅದಕ್ಕೆ ತೂಕವೂ ಇಲ್ಲ, ದಂಡವೂ ಇಲ್ಲ. ಧೈರ್ಯವಾಗಿ ಹೋಗಿಬನ್ನಿ.