ಮೋಡದ ಕಾಡಿನಲ್ಲಿ ಎಣಿಕೆಯ ಕೆಲಸ

ಒಂದು ಕಪ್ಪೆಗೆ ಒಂದು ಜೊತೆ ಕೈಗವಸು. ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಕುಸುಕೊ ರಾಷ್ಟ್ರೀಯ ಉದ್ಯಾನದಲ್ಲಿ ಕಪ್ಪೆ ತಂಡ ಸೇರಿದ ಸ್ವಯಂಸೇವಕರು ಈ ನಿಯಮವನ್ನು ತಪ್ಪುವಂತಿಲ್ಲ. ಕತ್ತಲಾದ ಮೇಲೆ ಹಣೆಗೆ ಟಾರ್ಚ್ ಕಟ್ಟಿಕೊಂಡು ತೊರೆಗೆ ಇಳಿಯುತ್ತಾರೆ. ಬಂಡೆಯ ಮೇಲೋ ಎಲೆಯ ಮೇಲೋ ಕೂತ ಕಪ್ಪೆಯನ್ನು ಹಿಡಿದು, ಹೊಟ್ಟೆ, ತೊಡೆ, ಬೆರಳ ಸಂದಿಗಳನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಮೆಲ್ಲಗೆ ಸವರುತ್ತಾರೆ. ಕಡ್ಡಿ ಪುಟ್ಟ ಸೀಸೆಯೊಳಗೆ ಸೇರುತ್ತದೆ, ಕಪ್ಪೆ ಸಿಕ್ಕಿದ ಜಾಗಕ್ಕೇ ಮರಳುತ್ತದೆ. ಮುಂದಿನ ಕಪ್ಪೆಗೆ ಹೊಸ ಗವಸು. ಒಂದರ ಮೈಮೇಲಿನ ರೋಗ ಮನುಷ್ಯನ ಕೈಯಿಂದ ಇನ್ನೊಂದಕ್ಕೆ ದಾಟಬಾರದು.

ಆ ರೋಗ ಕೈಟ್ರಿಡ್ ಎಂಬ ಶಿಲೀಂಧ್ರದ್ದು. ಕಪ್ಪೆ ನೀರು ಹೀರುವುದು ಚರ್ಮದ ಮೂಲಕ, ಉಸಿರಾಟದ ಒಂದು ಪಾಲೂ ಅದರ ಮೂಲಕವೇ. ಶಿಲೀಂಧ್ರ ಹೊಕ್ಕ ಚರ್ಮ ದಪ್ಪಗಾಗುತ್ತದೆ, ದೇಹದ ಲವಣಗಳ ಹದ ಕೆಡುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಗೊದಮೊಟ್ಟೆಗಳಲ್ಲಿ ಅದು ಬಾಯಿಯ ಗಡಸು ಭಾಗಗಳನ್ನು ಹಾಳುಮಾಡುತ್ತದೆ. ಗಂಡಿನ ಹೆಬ್ಬೆರಳಲ್ಲಿ ಮುಳ್ಳಿರುವ ಮರಗಪ್ಪೆಗಳ ಗುಂಪಿನಲ್ಲಿ ಎರಡು ಪ್ರಭೇದಗಳು ಈ ಬೆಟ್ಟಗಳಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಇಲ್ಲಿ ಅಳಿದರೆ ಎಲ್ಲೆಡೆಯೂ ಅಳಿದಂತೆ.

ಕುಸುಕೊ ಇರುವುದು ದೇಶದ ವಾಯವ್ಯದ ಮೆರೆಂಡೋನ್ ಬೆಟ್ಟಸಾಲಿನಲ್ಲಿ. ಅತಿ ಎತ್ತರದ ಶಿಖರ 2,242 ಮೀಟರ್. 1987ರಲ್ಲಿ ಹೊಂಡುರಾಸ್ ತನ್ನ ಮೋಡಗಾಡುಗಳಿಗೆಲ್ಲ ರಕ್ಷಣೆ ಕೊಡುವ ಕಾನೂನು ಮಾಡಿದಾಗ ಇದೂ ಉದ್ಯಾನವಾಯಿತು. ಮೋಡಗಾಡಿನ ಮರಗಳು ಬರೀ ಮಳೆಯನ್ನು ನಂಬಿ ಕೂತಿರುವುದಿಲ್ಲ. ಹಾದುಹೋಗುವ ಮೋಡ ಎಲೆಗೆ, ಪಾಚಿಗೆ, ಜರೀಗಿಡಗಳಿಗೆ ತಾಗಿ ಹನಿಯಾಗಿ ಇಳಿಯುತ್ತದೆ. ಕೆಳಗಿನ ಬಯಲಿನಲ್ಲಿರುವ ದೊಡ್ಡ ಊರು ಸಾನ್ ಪೆಡ್ರೊ ಸೂಲಾಗೆ ಕುಡಿಯುವ ನೀರಿನ ಒಂದು ಪಾಲು ಸಿಗುವುದು ಈ ಬೆಟ್ಟಸಾಲಿನಿಂದ. ಮಳೆಗಾಲದಲ್ಲಿ ಕುದುರೆಮುಖದ ಶೋಲಾ ಕಾಡಿನ ಅಂಚಿನಲ್ಲಿ ನಿಂತವರಿಗೆ ಈ ಒದ್ದೆ ಲೋಕ ತೀರಾ ಅಪರಿಚಿತವಲ್ಲ.

ಇಲ್ಲಿಗೆ ಸ್ವಯಂಸೇವಕರನ್ನು ಕರೆತಂದದ್ದು ಬ್ರಿಟನ್ನಿನ ಆಪರೇಷನ್ ವಾಲೇಸಿಯಾ ಸಂಸ್ಥೆ. 1995ರಲ್ಲಿ ಇಂಡೊನೇಷ್ಯಾದಲ್ಲಿ ಕೆಲಸ ಆರಂಭಿಸಿದ ಅದು, ಈ ಶತಮಾನದ ಮೊದಲ ದಶಕದಲ್ಲಿ ಕುಸುಕೊಗೆ ಬಂತು. ಜೂನ್‌ನಿಂದ ಆಗಸ್ಟ್‌ವರೆಗಿನ ರಜೆಯಲ್ಲಿ ಶಾಲೆ, ವಿಶ್ವವಿದ್ಯಾಲಯಗಳ ಹುಡುಗ ಹುಡುಗಿಯರು ಬಂದು ಟೆಂಟುಗಳಲ್ಲಿ ಉಳಿಯುತ್ತಾರೆ. ಮೂಲ ಶಿಬಿರದಿಂದ ಕಾಡೊಳಗಿನ ಸಣ್ಣ ಶಿಬಿರಗಳಿಗೆ ನಡೆದೇ ಹೋಗಬೇಕು.

ಕೆಲಸ ಬೆಳಕು ಹರಿಯುವ ಮೊದಲೇ ಶುರು. ಹಕ್ಕಿ ತಂಡ ಗೊತ್ತುಮಾಡಿದ ಜಾಗದಲ್ಲಿ ನಿಂತು, ಗೊತ್ತುಮಾಡಿದಷ್ಟು ನಿಮಿಷ, ಕಂಡದ್ದನ್ನೂ ಕೇಳಿದ್ದನ್ನೂ ಬರೆಯುತ್ತದೆ. ಇನ್ನೊಂದು ತಂಡ ಕೂದಲೆಳೆಯಂಥ ಬಲೆ ಕಟ್ಟಿ, ಸಿಕ್ಕಿದ ಹಕ್ಕಿಯನ್ನು ತೂಗಿ, ಅಳೆದು ಬಿಡುತ್ತದೆ. ಬಲೆಯಿಂದ ಹಕ್ಕಿ ಬಿಡಿಸುವ ಕೆಲಸ ಮಾತ್ರ ತರಬೇತಾದವರದ್ದು. ಹೊಸಬರು ಅಳತೆ ಬರೆದುಕೊಳ್ಳುತ್ತಾರೆ. ಸಂಜೆಗೆ ಅಂಥದೇ ಬಲೆ ಬಾವಲಿಗಳಿಗೆ. ಹಗಲಲ್ಲಿ ಮರದ ಸುತ್ತಳತೆ, ನೆಲದಲ್ಲಿ ಹೂತ ಬಟ್ಟಲುಗಳಿಗೆ ಬಿದ್ದ ಸಗಣಿ ಹುಳುಗಳ ಲೆಕ್ಕ, ಟೇಪಿರ್ ಎಂಬ ದೊಡ್ಡ ಸಸ್ಯಾಹಾರಿಯ ಹೆಜ್ಜೆ, ಲದ್ದಿಗಳ ಹುಡುಕಾಟ. ರಾತ್ರಿ ಬಿಳಿ ಬಟ್ಟೆಯ ಮುಂದೆ ದೀಪ ಹೊತ್ತಿಸಿದರೆ ಲೋಹದಂತೆ ಮಿನುಗುವ ದುಂಬಿಗಳು ಬಂದು ಕೂರುತ್ತವೆ. ಅನಾನಸ್ ಕುಟುಂಬದ ಬ್ರೊಮಿಲಿಯಾಡ್ ಗಿಡದ ಎಲೆಬುಡದಲ್ಲಿ ನಿಂತ ಬೊಗಸೆ ನೀರನ್ನು ತಟ್ಟೆಗೆ ಸುರಿದು, ಅದರಲ್ಲಿ ಎಷ್ಟು ಬಗೆಯ ಮರಿಹುಳುಗಳಿವೆ ಎಂದು ಎಣಿಸುವವರೂ ಇದ್ದಾರೆ.

ಕೇಳಲು ರೋಚಕ, ಮಾಡಲು ಬಹುಪಾಲು ಬೇಸರದ ದುಡಿಮೆ ಇದು. ಬಟ್ಟೆ ಒಣಗುವುದಿಲ್ಲ, ಟೇಪಿರ್ ಕಾಣಿಸುವುದಿಲ್ಲ, ಕಾಗದದಲ್ಲಿ ಎಷ್ಟೋ ದಿನ ಸೊನ್ನೆಯನ್ನೇ ಬರೆಯಬೇಕು. ಆದರೆ ಆ ಸೊನ್ನೆಗೂ ಬೆಲೆಯಿದೆ. ಅದೇ ಜಾಗ, ಅದೇ ವಿಧಾನ, ವರ್ಷ ವರ್ಷವೂ ಅದೇ ತಿಂಗಳು: ಕುಸುಕೊದ ನಿಜವಾದ ಆಸ್ತಿ ಈ ಪುನರಾವರ್ತನೆ. ಸುಮಾರು ಹತ್ತು ವರ್ಷದ ಹಕ್ಕಿ ಎಣಿಕೆಯನ್ನು ಒಟ್ಟಿಗಿಟ್ಟು ನೋಡಿದಾಗ ಹಲವು ಹಕ್ಕಿಗಳು ಮೊದಲಿಗಿಂತ ಮೇಲಿನ ಎತ್ತರಕ್ಕೆ ಸರಿದಿರುವುದು ಕಂಡುಬಂತು. 2018ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಒಂದು ರಜೆಗೆ ಬಂದುಹೋದ ಯಾರಿಗೂ ಅದು ಕಾಣುತ್ತಿರಲಿಲ್ಲ. ಬೆಟ್ಟದ ಮೇಲಕ್ಕೆ ಸರಿಯುವುದಕ್ಕೂ ಮಿತಿಯಿದೆ, ಶಿಖರದಾಚೆ ಜಾಗವಿಲ್ಲ. ಸಸ್ಯತಜ್ಞರಿಗೂ ಇಲ್ಲಿ ಅಚ್ಚರಿ ಕಾದಿತ್ತು. 2010ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಹೊಂಡುರೊಡೆಂಡ್ರಾನ್ ಎಂಬ ಮರಕ್ಕೆ ಹಳೆಯ ಯಾವ ಕುಲವೂ ಹೊಂದದೆ, ಹೊಸ ಕುಲವನ್ನೇ ಕಟ್ಟಬೇಕಾಯಿತು.

ಸ್ವಯಂಸೇವಕರು ದುಡ್ಡು ಕೊಟ್ಟು ಬರುತ್ತಾರೆ, ಸಂಶೋಧನೆಯ ಖರ್ಚು ಹೊರುವುದು ಆ ಹಣವೇ. ಇದಕ್ಕೆ ಆಕ್ಷೇಪವಿದೆ, ಇರಲೂಬೇಕು. ಅಷ್ಟು ಹಣ ಹೊಂದಿಸಲಾಗದ ಜಾಣರು ಹೊರಗೇ ಉಳಿಯುತ್ತಾರೆ. ಆದರೂ ಈ ಹಣವಿಲ್ಲದೆ ಇಂಥ ದೂರದ ಕಾಡಿನಲ್ಲಿ ಇಷ್ಟು ದೀರ್ಘ ಎಣಿಕೆ ನಡೆಯುತ್ತಿತ್ತೆಂದು ನಂಬುವುದು ಕಷ್ಟ. ಹೊಗಳಿಕೆಯ ದೊಡ್ಡ ಪಾಲು ಸಲ್ಲಬೇಕಾದ್ದು ಸುತ್ತಲಿನ ಹಳ್ಳಿಗರಿಗೆ. ಕಾಫಿ ಬೆಳೆಯುವ ಈ ಊರುಗಳ ಜನರೇ ದಾರಿ ತೋರಿಸುತ್ತಾರೆ, ಮಚ್ಚು ಹಿಡಿದು ಜಾಡು ಬಿಡಿಸುತ್ತಾರೆ, ಅಡುಗೆ ಮಾಡುತ್ತಾರೆ.

ಎಣಿಕೆಯಿಂದಲೇ ಕಾಡು ಉಳಿಯದು. ಗಡಿಯೊಳಗೆ ಮರ ಕಡಿಯುವುದು, ಬೇಟೆ ಎರಡೂ ನಡೆದಿವೆ. 2020ರ ನವೆಂಬರ್‌ನಲ್ಲಿ ಎಟಾ ಮತ್ತು ಅಯೋಟಾ ಚಂಡಮಾರುತಗಳು ಬೆನ್ನುಬೆನ್ನಿಗೆ ಬಡಿದು ಬೆಟ್ಟಗಳು ಕುಸಿದವು. ಕಪ್ಪೆಗಳಿಗಾಗಿ ಟೆಲಾ ಪಟ್ಟಣದ ಬಳಿಯ ಲಾನ್ಸೆಟಿಯಾ ಸಸ್ಯೋದ್ಯಾನದಲ್ಲಿ ರಕ್ಷಣಾ ಕೇಂದ್ರವೊಂದು ತಲೆಯೆತ್ತಿದೆ. ಕಾಡಿನ ಮರಿಗಪ್ಪೆಗಳಿಗೆ ಚಿಕಿತ್ಸೆ ಕೊಟ್ಟು, ಬೆಳೆಸಿ, ಮತ್ತೆ ತೊರೆಗೆ ಬಿಡುವುದು ಅದರ ಗುರಿ.

ಇಂಥ ಕೆಲಸಕ್ಕೆ ಕನ್ನಡಿಗರು ಹೊಂಡುರಾಸ್‌ಗೇ ಹೋಗಬೇಕೆಂದಿಲ್ಲ. ನಾಗರಹೊಳೆ, ಬಂಡೀಪುರಗಳಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರ ತಂಡದೊಂದಿಗೆ ನೇರ ಜಾಡುಗಳಲ್ಲಿ ನಡೆದು ಜಿಂಕೆ, ಕಾಟಿಗಳನ್ನು ಎಣಿಸಿದ ಸ್ವಯಂಸೇವಕರಲ್ಲಿ ಸಾಮಾನ್ಯ ಉದ್ಯೋಗಿಗಳೂ ವಿದ್ಯಾರ್ಥಿಗಳೂ ಇದ್ದರು. ಹುಲಿ ಗಣತಿಗೆ ಅರಣ್ಯ ಇಲಾಖೆಯೂ ಸಾರ್ವಜನಿಕರನ್ನು ಕರೆದದ್ದುಂಟು. ಮುಂದಿನ ಸಲ ಅಂಥ ಕರೆ ಬಂದಾಗ ಹೆಸರು ನೋಂದಾಯಿಸಿ. ಹುಲಿ ಕಂಡೇ ಕಾಣುತ್ತದೆಂಬ ಆಸೆ ಬೇಡ. ಕಂಡದ್ದನ್ನು ಕಂಡಷ್ಟೇ ಬರೆಯುವ ತಾಳ್ಮೆ ಇದ್ದರೆ ಸಾಕು.