ಎಲ್ಲಮ್ಮನ ಗುಡ್ಡಕ್ಕೆ ಜನ ಯಾಕೆ ಬರ್ತಾರೆ?

ಭಾರತ ಹುಣ್ಣಿಮೆ ಬಂತಂದ್ರೆ ಸವದತ್ತಿ ದಾರಿ ತುಂಬ ಚಕ್ಕಡಿ, ಟ್ರ್ಯಾಕ್ಟರ್, ಬಾಯಲ್ಲಿ ‘ಉಧೋ ಉಧೋ’. ಇಷ್ಟು ಜನ ಬರೋದು ಜಾಹೀರಾತು ನೋಡಿ ಅಲ್ಲ. ಹೊತ್ತ ಹರಕೆ ಇದೆ, ಮನೆತನದ ನಡಾವಳಿ ಇದೆ. ಜೋಗುಳಬಾವಿಯಲ್ಲಿ ಮಿಂದು, ಗುಡ್ಡದ ಬಯಲಲ್ಲೇ ಮೂರು ಕಲ್ಲಿನ ಒಲೆ ಹೂಡಿ, ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ ಮಾಡಿ ದೇವಿಯ ಪಡ್ಲಗಿ (ನೈವೇದ್ಯದ ಬುಟ್ಟಿ) ತುಂಬಿಸಿದ ಮೇಲೇನೇ ಸಮಾಧಾನ.

ಆಸೆ ಇದ್ದರೂ ಕೈಯಲ್ಲಿ ದುಡ್ಡು ಬೇಕಲ್ಲ? 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ. ಮನಸ್ಸಲ್ಲೇ ಉಳಿದಿದ್ದ ಎಷ್ಟೋ ಹರಕೆಗಳು ಬಸ್ ಹತ್ತಿದವು. ನನಗಂತೂ ಇದೇ ದೊಡ್ಡ ಮಾತು.



ಗುಡ್ಡಕ್ಕೆ ಕರೆಯೋದು ಹರಕೆಯಾದರೆ, ಕಿತ್ತೂರಿಗೆ ಕರೆಯೋದು ನೆನಪು: ಬ್ರಿಟಿಷರ ಮೇಲೆ ರಾಣಿ ಚನ್ನಮ್ಮನ 1824ರ ಅಕ್ಟೋಬರ್ 23ರ ಗೆಲುವು. ಆ ನೆನಪಿನ ಕಿತ್ತೂರು ಉತ್ಸವಕ್ಕೆ ಬಂದವರು ಬೈಲಹೊಂಗಲಕ್ಕೂ ಹೋಗಿ, ಚನ್ನಮ್ಮನ ಸಮಾಧಿ ಮುಂದೆ ಒಂದು ಗಳಿಗೆ ನಿಲ್ಲಿ.