ಸಾಲ ವಸೂಲಿಯವರು ಕಚೇರಿಗೇ ಬಂದರೆ...

ಕಂತು ತಪ್ಪಿದ ಮೊದಲ ವಾರಗಳಲ್ಲಿ ಕರೆ ಬರುವುದು ಸಾಲಗಾರನ ಮೊಬೈಲಿಗೆ. ಅದನ್ನು ಎತ್ತದಿದ್ದರೆ ಮುಂದಿನ ಕರೆ ಕಚೇರಿಯ ಫೋನಿಗೆ, ಆನಂತರ ಎಚ್‌ಆರ್ ವಿಭಾಗಕ್ಕೆ, ಕೆಲವೊಮ್ಮೆ ನೇರವಾಗಿ ಮೇಲಧಿಕಾರಿಗೆ. ಕೊನೆಗೊಂದು ದಿನ ಏಜೆಂಟನೇ ಬಂದು ಸ್ವಾಗತ ಕೊಠಡಿಯಲ್ಲಿ ಕೂರುತ್ತಾನೆ. ಕಚೇರಿಯನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಮನೆಯ ಬಾಗಿಲು ಹಾಕಿಕೊಳ್ಳಬಹುದು, ಕಚೇರಿಯಲ್ಲಿ ಅದು ಸಾಧ್ಯವಿಲ್ಲ. ನಾಲ್ಕು ಜನರ ಎದುರು ಮಾನ ಹೋಗುತ್ತದೆಂಬ ಭಯಕ್ಕೆ ಸಾಲಗಾರ ಕೈಸಾಲ ಮಾಡಿಯಾದರೂ ಕಟ್ಟುತ್ತಾನೆ ಎಂಬುದು ವಸೂಲಿ ಲೆಕ್ಕಾಚಾರ. ಈ ಭಯದಿಂದಾಗಿ ಕೆಲಸವನ್ನೇ ಬಿಡುವವರೂ ಇದ್ದಾರೆ. ಕೆಲಸ ಹೋದರೆ ಸಾಲ ತೀರುವ ದಾರಿಯೂ ಮುಚ್ಚುತ್ತದೆ ಎಂಬುದನ್ನು ಬ್ಯಾಂಕುಗಳೂ ಯೋಚಿಸಬೇಕು.

ಏಜೆಂಟ್ ಕಚೇರಿಗೆ ಬರುವುದೇ ಕಾನೂನುಬಾಹಿರವೇ? ಹಾಗೆ ಹೇಳಲಾಗದು. ಆದರೆ ಕಚೇರಿ ಅವನು ಹೋಗಬೇಕಾದ ಮೊದಲ ಜಾಗವಲ್ಲ. ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ, ಹೆಚ್ಚಿನ ಬ್ಯಾಂಕುಗಳು ತಮ್ಮ ವಸೂಲಿ ನೀತಿಯಲ್ಲಿ ಅಳವಡಿಸಿಕೊಂಡಿರುವ ಮಾದರಿ ಸಂಹಿತೆಯಲ್ಲಿ ಇದಕ್ಕೊಂದು ಕ್ರಮವಿದೆ. ಗ್ರಾಹಕ ಸೂಚಿಸಿದ ಸ್ಥಳ ಮೊದಲು. ಅವನು ಯಾವ ಸ್ಥಳವನ್ನೂ ಸೂಚಿಸದಿದ್ದರೆ ಮನೆ. ಮನೆಯಲ್ಲೂ ಸಿಗದಿದ್ದರೆ ಮಾತ್ರ ಕೆಲಸದ ಸ್ಥಳ. ಇಂಥ ಸಮಯದಲ್ಲಿ, ಇಂಥ ಜಾಗಕ್ಕೆ ಕರೆ ಬೇಡ ಎಂಬ ಕೋರಿಕೆಯನ್ನು ಸಾಧ್ಯವಾದಷ್ಟೂ ಮನ್ನಿಸಬೇಕೆಂದೂ ಅದೇ ಸಂಹಿತೆ ಹೇಳುತ್ತದೆ.

ಸಾಲಗಾರರಲ್ಲಿ ಬಹುತೇಕರು ಬಳಸದೇ ಇರುವ ಅಸ್ತ್ರ ಇದೇ. ಬಾಕಿ ಇರುವುದನ್ನು ಒಪ್ಪಿಕೊಂಡು, ಮಾತುಕತೆಗೆ ಮನೆಯ ವಿಳಾಸವನ್ನೋ ಬ್ಯಾಂಕ್ ಶಾಖೆಯನ್ನೋ ಸೂಚಿಸಿ, ಅನುಕೂಲವಾದ ಸಮಯ ತಿಳಿಸಿ, ಕಚೇರಿಗೆ ಕರೆ ಅಥವಾ ಭೇಟಿ ಬೇಡವೆಂದು ಬ್ಯಾಂಕಿಗೆ ಇ-ಮೇಲ್ ಕಳಿಸುವುದು. ಏಜೆಂಟನ ಬಳಿ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಬ್ಯಾಂಕಿನ ದೂರು ವಿಭಾಗಕ್ಕೆ ಹೋದ ಪತ್ರಕ್ಕೆ ದಿನಾಂಕವಿರುತ್ತದೆ. ಪತ್ರ ಬರೆದು ಫೋನ್ ಆಫ್ ಮಾಡಿ ಕೂತರೆ ಮಾತ್ರ ಪ್ರಯೋಜನವಿಲ್ಲ. ಸೂಚಿಸಿದ ಜಾಗದಲ್ಲಿ ಸಿಗದ ಗ್ರಾಹಕನನ್ನು ಹುಡುಕಿಕೊಂಡು ಏಜೆಂಟ್ ಕಚೇರಿಗೆ ಬಂದರೆ ಆಕ್ಷೇಪಿಸುವುದು ಕಷ್ಟ.

ಬಂದರೂ ಅವನು ಮಾಡುವಂತಿಲ್ಲದ ಕೆಲಸಗಳು ಹಲವು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡುವುದು, ಸಾರ್ವಜನಿಕವಾಗಿ ಅವಮಾನಿಸುವುದು, ಸಾಲಗಾರನ ಕುಟುಂಬದವರು, ಸ್ನೇಹಿತರು ಹಾಗೂ ಅರ್ಜಿಯಲ್ಲಿ ಹೆಸರಿಸಿದ ಪರಿಚಿತರ ಖಾಸಗಿತನಕ್ಕೆ ಕೈಹಾಕುವುದು ಸಲ್ಲದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಏಜೆಂಟ್ ಗುರುತಿನ ಚೀಟಿ ಮತ್ತು ಬ್ಯಾಂಕಿನ ಅಧಿಕಾರ ಪತ್ರ ಇಟ್ಟುಕೊಂಡಿರಬೇಕೆಂಬುದು 2008ರ ಸುತ್ತೋಲೆಯಲ್ಲೇ ಇತ್ತು. ಅವೆರಡನ್ನೂ ತೋರಿಸದವನ ಜೊತೆ ಮಾತನಾಡುವ ಅಗತ್ಯವಿಲ್ಲ. ಅವನ ಕೈಗೆ ನಗದು ಕೊಡುವ ಪ್ರಶ್ನೆಯೇ ಏಳದು. ಒಳಗೆ ಬಿಡದಂತೆ ಹೇಳುವ ಹಕ್ಕು ಸಂಸ್ಥೆಗೂ ಇದೆ. ನೌಕರನ ಸಂಬಳ, ರಜೆ, ವಿಳಾಸಗಳ ವಿವರವನ್ನು ಫೋನಿನಲ್ಲಿ ಕೇಳಿದವರಿಗೆಲ್ಲ ಎಚ್‌ಆರ್ ಕೊಡಬೇಕಾಗಿಲ್ಲ.

ಕಿರುಸಾಲದ ನಿಯಮ ಇನ್ನೂ ಬಿಗಿ. ಸಾಲಗಾರ ಮತ್ತು ಸಂಸ್ಥೆ ಒಪ್ಪಿದ ಜಾಗದಲ್ಲೇ ವಸೂಲಿ ನಡೆಯಬೇಕು. ಸತತ ಎರಡು ಬಾರಿ ಅಲ್ಲಿಗೆ ಬಾರದಿದ್ದರಷ್ಟೇ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಕರೆಗೆ ಬೆಳಿಗ್ಗೆ 9ರಿಂದ ಸಂಜೆ 6ರ ಮಿತಿ. ಸಹೋದ್ಯೋಗಿಗಳನ್ನು ಪೀಡಿಸುವುದು ನಿಷಿದ್ಧ. ರಾಜ್ಯದಲ್ಲಿ ಸಾಲಗಾರರ ಆತ್ಮಹತ್ಯೆಗಳ ಬೆನ್ನಲ್ಲೇ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷಗಳವರೆಗಿನ ಜೈಲು ಹಾಗೂ 5 ಲಕ್ಷ ರೂಪಾಯಿಗಳವರೆಗಿನ ದಂಡ ವಿಧಿಸಲು ಅವಕಾಶ ಮಾಡಿತು.

ಕಚೇರಿಯಲ್ಲಿ ಅತಿಯಾಗಿ ಹೆದರಿಸುವ ಮಾತೆಂದರೆ 'ಸಂಬಳ ನಿಲ್ಲಿಸುತ್ತೇವೆ' ಎಂಬುದು. ಇದು ಏಜೆಂಟನ ಕೈಯಲ್ಲಿಲ್ಲ. ಬ್ಯಾಂಕು ಸಿವಿಲ್ ನ್ಯಾಯಾಲಯದಲ್ಲಿ ಡಿಕ್ರಿ ಪಡೆದು, ಅದರ ಜಾರಿಗೆ ಅರ್ಜಿ ಹಾಕಿ, ಜಪ್ತಿ ಆದೇಶ ತರಬೇಕು. ಆಗಲೂ ಪೂರ್ತಿ ಸಂಬಳ ಹೋಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗ ಜಪ್ತಿಯಿಂದ ಹೊರಗೆ. ತಿಂಗಳಿಗೆ 31,000 ರೂಪಾಯಿ ಪಡೆಯುವವನಿಗೆ ಸ್ಥೂಲವಾಗಿ 21,000 ಉಳಿಯುತ್ತದೆ. ಸಹಕಾರ ಸಂಘದ ಸಾಲದ ಕಥೆ ಬೇರೆ. ಸಂಬಳದಲ್ಲಿ ಕಡಿತ ಮಾಡಲು ಒಪ್ಪಿ ಸಹಿ ಹಾಕಿದ್ದರೆ ರಾಜ್ಯದ ಸಹಕಾರ ಸಂಘಗಳ ಕಾಯ್ದೆಯಂತೆ ಕಚೇರಿಯೇ ಹಣ ಮುರಿದು ಸಂಘಕ್ಕೆ ಕಟ್ಟುತ್ತದೆ. ಅದಕ್ಕೆ ನ್ಯಾಯಾಲಯ ಬೇಕಿಲ್ಲ.

ಪಕ್ಕದ ಮೇಜಿನವರ ಪಾಡೇನು? ಅರ್ಜಿಯಲ್ಲಿ ಪರಿಚಿತರೆಂದು ಹೆಸರು ಕೊಟ್ಟಿದ್ದರೆ ಅವರಿಗೆ ಬಿಡಿಗಾಸಿನ ಹೊಣೆಯೂ ಇಲ್ಲ. ಜಾಮೀನು ಸಹಿ ಹಾಕಿದ್ದರೆ ಮಾತ್ರ ಸಾಲಗಾರನಷ್ಟೇ ಹೊಣೆ. ಸ್ನೇಹಕ್ಕೆ ಕಟ್ಟುಬಿದ್ದು ಸಹಿ ಹಾಕುವಾಗ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ.

'ಪೊಲೀಸರು ಕಚೇರಿಗೇ ಬಂದು ಎಳೆದೊಯ್ಯುತ್ತಾರೆ' ಎಂಬ ಬೆದರಿಕೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಂತು ಕಟ್ಟಲಾಗದಿರುವುದು ಸಿವಿಲ್ ವ್ಯಾಜ್ಯ, ಅಪರಾಧವಲ್ಲ. ಆದರೆ ಕೊಟ್ಟ ಚೆಕ್ ಬೌನ್ಸ್ ಆಗಿ, ನೋಟಿಸ್ ತಲುಪಿದ 15 ದಿನಗಳಲ್ಲಿ ಹಣ ಕಟ್ಟದಿದ್ದರೆ ಎರಡು ವರ್ಷಗಳವರೆಗೆ ಶಿಕ್ಷೆಯಾಗಬಹುದಾದ ಕ್ರಿಮಿನಲ್ ಪ್ರಕರಣ ದಾಖಲಾಗುತ್ತದೆ. ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ವ್ಯವಸ್ಥೆ ಹಣವಿಲ್ಲದೆ ವಿಫಲವಾದರೂ ಇಂಥದೇ ಕ್ರಮಕ್ಕೆ ಅವಕಾಶವಿದೆ. ಆದ್ದರಿಂದ ಏಜೆಂಟನ ಬಾಯಿಗೆ ಹೆದರದಿದ್ದರೂ ವಕೀಲರ ನೋಟಿಸನ್ನು ಒಡೆಯದೆ ಬದಿಗಿಡುವುದು ತರವಲ್ಲ.

ಕಿರುಕುಳ ನಿಲ್ಲದಿದ್ದರೆ ಕರೆಯ ಸಂಖ್ಯೆ, ಸಮಯ, ಮಾತಿನ ಧ್ವನಿಮುದ್ರಣ, ಸಂದೇಶದ ಚಿತ್ರ, ಸ್ವಾಗತ ಕೊಠಡಿಯ ಸಂದರ್ಶಕರ ಪುಸ್ತಕದ ನಮೂದು ಇವನ್ನೆಲ್ಲ ಸೇರಿಸಿ ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. ಇದರಿಂದ ಇನ್ನೊಂದು ಲಾಭವುಂಟು: ದೂರು ಇತ್ಯರ್ಥವಾಗುವವರೆಗೆ ಆ ಪ್ರಕರಣವನ್ನು ವಸೂಲಿ ಏಜೆನ್ಸಿಗೆ ಒಪ್ಪಿಸಬಾರದೆಂದು 2008ರ ಸುತ್ತೋಲೆ ಹೇಳಿತ್ತು, ಪದೇ ಪದೇ ಹುರುಳಿಲ್ಲದ ದೂರು ಕೊಡುವವರಿಗೆ ಮಾತ್ರ ಈ ರಕ್ಷಣೆಯಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಅಂತರ್ಜಾಲದ ಮೂಲಕ, ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮಾಹಿತಿಗೆ 14448. ಜೀವ ಬೆದರಿಕೆ, ಹಲ್ಲೆ, ಮಹಿಳೆಯರಿಗೆ ಅಶ್ಲೀಲ ಮಾತು ಇವಕ್ಕೆ 30 ದಿನ ಕಾಯಬೇಕಿಲ್ಲ, ಅದೇ ದಿನ ಪೊಲೀಸ್ ಠಾಣೆಗೆ ಹೋಗಬಹುದು.

'ತಪ್ಪು ನಮ್ಮದಲ್ಲ, ಏಜೆನ್ಸಿಯದು' ಎಂದು ಬ್ಯಾಂಕು ಜಾರಿಕೊಳ್ಳುವಂತಿಲ್ಲ. ಏಜೆಂಟನ ನಡತೆಗೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ. 2022ರಲ್ಲಿ ಜಾರ್ಖಂಡ್‌ನ ಹಜಾರಿಬಾಗ್‌ನಲ್ಲಿ ಟ್ರ್ಯಾಕ್ಟರ್ ಜಪ್ತಿಗೆ ಬಂದವರಿಂದ ಗರ್ಭಿಣಿಯೊಬ್ಬಳು ವಾಹನದಡಿ ಸಿಲುಕಿ ಮೃತಪಟ್ಟಾಗ, ರಿಸರ್ವ್ ಬ್ಯಾಂಕ್ ಕ್ರಮ ಕೈಗೊಂಡದ್ದು ಸಾಲ ಕೊಟ್ಟ ಹಣಕಾಸು ಸಂಸ್ಥೆಯ ಮೇಲೆ. ಹೊರಗಿನ ಏಜೆನ್ಸಿಗಳ ಮೂಲಕ ವಸೂಲಿ ಮಾಡದಂತೆ ಅದಕ್ಕೆ ತಡೆ ಬಿತ್ತು. ಕೆಲವು ತಿಂಗಳ ಬಳಿಕವಷ್ಟೇ ತೆರವಾಯಿತು.